ಹೊರಗೆ ಹೋಗ್ಲಾ, ಇಲ್ಲೇ ಓದ್ಲಾ? ಬಿ.ಇ. ಮುಗಿಸಿದವರು ತೀರ್ಮಾನ ಮಾಡುವ ಬಗೆ, ಹಂತ ಹಂತವಾಗಿ

ನಮ್ಮ ಮನೆಯಲ್ಲಿ ಎರಡೂ ಆಗಿದೆ. 2017ರಲ್ಲಿ ನಾನು ಆಟೋಮೋಟಿವ್ ಎಂಜಿನಿಯರಿಂಗ್ ಓದಲು ಜರ್ಮನಿಗೆ ಹೋದೆ. ಎರಡು ವರ್ಷದ ನಂತರ ನನ್ನ ತಮ್ಮ ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂ.ಟೆಕ್. ಸೇರಿದ. ಅದೇ ಅಪ್ಪ ಅಮ್ಮ, ಅದೇ ತೆಂಗಿನ ತೋಟ, ಅದೇ ಜಗಲಿಯ ಮೇಲೆ ಕೂತು ಹಾಕಿದ ಲೆಕ್ಕ. ಆದರೆ ಇಬ್ಬರಿಗೂ ಬೇರೆ ಬೇರೆ ಉತ್ತರ ಬಂತು, ಮತ್ತು ಎರಡೂ ಸರಿಯಾಗಿತ್ತು. ಐದು ವರ್ಷ ಅಲ್ಲಿದ್ದು ಬೆಂಗಳೂರಿಗೆ ಮರಳಿದ ಮೇಲೆ ತಿಪಟೂರು ಕಡೆಯ ನೆಂಟರ ಮಕ್ಕಳು, ಅವರ ಸ್ನೇಹಿತರು ಫೋನ್ ಮಾಡುತ್ತಲೇ ಇರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಹೊರಗೆ ಹೋಗ್ಲಾ, ಇಲ್ಲೇ ಓದ್ಲಾ?"

ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಅಮೆರಿಕ ಒಳ್ಳೆಯದಾ, ಇಂಡಿಯಾ ಒಳ್ಳೆಯದಾ ಎಂದು ಯೋಚಿಸುತ್ತಾ ಕೂತರೆ ಒಂದು ವರ್ಷ ಕಳೆದರೂ ಉತ್ತರ ಸಿಗುವುದಿಲ್ಲ. ದೇಶಕ್ಕೆ ದೇಶ ತೂಗಲು ಆಗುವುದಿಲ್ಲ. ತೂಗಲು ಆಗುವುದು ಕೈಗೆ ಬಂದ ಎರಡು ಸೀಟುಗಳನ್ನು. ಈ ಕೋರ್ಸು, ಈ ಲ್ಯಾಬು, ಇಷ್ಟು ಫೀಸು, ಇಷ್ಟು ಸಾಲ. ಹಾಗಾಗಿ ಮೊದಲು ಎರಡೂ ಕಡೆ ಸೀಟು ಬರುವಂತೆ ಮಾಡಿಕೊಳ್ಳಬೇಕು, ಆಮೇಲೆ ತೂಗಬೇಕು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿ ಸಾಗುತ್ತವೆ.

ಇದು ಮುಖ್ಯವಾಗಿ ಬಿ.ಇ. ಮುಗಿಸಿ ಮಾಸ್ಟರ್ಸ್ ಮಾಡಬೇಕೆಂದಿರುವವರಿಗೆ. ಎಂ.ಬಿ.ಬಿ.ಎಸ್. ವಿಷಯ ಪೂರ್ತಿ ಬೇರೆ, ಅದಕ್ಕೆ ಕೊನೆಯ ಹತ್ತಿರ ನಾಲ್ಕು ಮಾತು ಇದೆ.

ಹಂತ 1: ಯಾಕೆ ಓದಬೇಕು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. "ನಾನು ಮಾಸ್ಟರ್ಸ್ ಮಾಡುವುದು ಇದಕ್ಕೆ" ಎಂದು ಶುರುಮಾಡಿ ಒಂದೇ ಸಾಲಿನಲ್ಲಿ ಮುಗಿಸಿ. "ಕರಿಯರ್‌ಗೆ ಒಳ್ಳೆಯದು", "ಎಕ್ಸ್‌ಪೋಷರ್ ಸಿಗುತ್ತದೆ" ಎಂದು ಬರೆದರೆ ಹೊಡೆದುಹಾಕಿ. ಅದು ಯಾರು ಬೇಕಾದರೂ ಬರೆಯುವ ಸಾಲು. "ಬ್ಯಾಟರಿ ಥರ್ಮಲ್ ಮ್ಯಾನೇಜ್‌ಮೆಂಟ್ ಕಲಿತು ವಾಹನ ಕಂಪನಿಯ ಡಿಸೈನ್ ವಿಭಾಗಕ್ಕೆ ಸೇರಬೇಕು" ಎಂದರೆ ಅದು ನಿಮ್ಮದೇ ಸಾಲು. "ಹೊರದೇಶದಲ್ಲಿ ನೆಲೆಸಬೇಕು, ಓದು ಅದಕ್ಕೊಂದು ದಾರಿ" ಎನ್ನುವುದೂ ನಿಜವಾದ ಕಾರಣವೇ. ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮನೆಯವರ ಮುಂದೆ ಈಗಲೇ ಹೇಳಿ, ಏಕೆಂದರೆ ಲೆಕ್ಕ ಬದಲಾಗುತ್ತದೆ.

ಈ ಸಾಲು ಸಿಕ್ಕರೆ ಅರ್ಧ ಗೊಂದಲ ಕಳೆಯುತ್ತದೆ. ನನಗೆ ಬೇಕಿದ್ದದ್ದು ವಾಹನ ಉದ್ಯಮ. ಜರ್ಮನಿಯಲ್ಲಿ ಥೀಸಿಸ್ ಅನ್ನು ಕಂಪನಿಯ ಒಳಗೇ ಕೂತು ಮಾಡುವ ರೂಢಿ ಇದೆ, ನನಗೆ ಅದು ಬೇಕಿತ್ತು. ತಮ್ಮನಿಗೆ ಬೇಕಿದ್ದದ್ದು ಮಣ್ಣು, ಇಳಿಜಾರು, ಅಡಿಪಾಯ. ಪಶ್ಚಿಮ ಘಟ್ಟದಲ್ಲಿ ಮಳೆಗಾಲ ಬಂದರೆ ರಸ್ತೆ ಪಕ್ಕದ ಗುಡ್ಡ ಕುಸಿಯುತ್ತದೆ. ಅದನ್ನು ಕಲಿಯಲು ಕರಾವಳಿಗಿಂತ ಒಳ್ಳೆಯ ಜಾಗ ಅವನಿಗೆ ಎಲ್ಲಿದೆ ಹೇಳಿ?

ಸಂಶೋಧನೆಯೇ ನಿಮ್ಮ ಗುರಿಯಾದರೆ ಇನ್ನೊಂದು ಮಾತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಿ.ಇ. ಆದ ಮೇಲೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್‌ನಲ್ಲಿ ಸಾಮಾನ್ಯವಾಗಿ ಫೀಸು ಮನ್ನಾ, ಮೇಲೆ ತಿಂಗಳ ಸ್ಟೈಪೆಂಡ್. ಸಾಲ ಮಾಡಿ ಎಂ.ಎಸ್. ಮಾಡಿ ಆಮೇಲೆ ಪಿಎಚ್.ಡಿ. ಎಂದು ಯೋಚಿಸುವವರು ಇದನ್ನು ಮೊದಲು ನೋಡಿ.

ಹೋಗುವುದು ಈಗಲೇ ಆಗಬೇಕು ಎಂದೂ ಇಲ್ಲ. ಉಡುಪಿ ಬಳಿಯ ಅದಮಾರಿನ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಪಿಎಚ್.ಡಿ. ಮಾಡಿದ್ದು ಅಹಮದಾಬಾದ್‌ನಲ್ಲಿ, ವಿಕ್ರಂ ಸಾರಾಭಾಯಿ ಅವರ ಬಳಿ. ಆಮೇಲೆ ಅಮೆರಿಕದ ಎಂಐಟಿಗೆ, ಟೆಕ್ಸಾಸ್‌ಗೆ ಹೋಗಿ ಕೆಲಸ ಮಾಡಿ 1966ರಲ್ಲಿ ಮರಳಿದರು. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಎಂ.ಎಸ್ಸಿ. ಇಲ್ಲೇ ಮುಗಿಸಿ, ಪಿಎಚ್.ಡಿ.ಗೆ ಅಮೆರಿಕದ ಪರ್ಡ್ಯೂಗೆ ಹೋಗಿ, 1959ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಯಾವ ಹಂತದಲ್ಲಿ ಹೋಗಬೇಕು ಎಂಬುದನ್ನೂ ಆ ಹಾಳೆಯ ಕೆಳಗೆ ಬರೆದಿಟ್ಟುಕೊಳ್ಳಿ.

ಹಂತ 2: ಕೆಟ್ಟ ದಿನದ ಲೆಕ್ಕ ಹಾಕಿ

ಎಲ್ಲರೂ ಒಳ್ಳೆಯ ದಿನದ ಲೆಕ್ಕ ಹಾಕುತ್ತಾರೆ. ಇಷ್ಟು ಡಾಲರ್ ಸಂಬಳ ಬರುತ್ತದೆ, ಎರಡೇ ವರ್ಷದಲ್ಲಿ ಸಾಲ ತೀರುತ್ತದೆ. ಬಂದರೆ ಸಂತೋಷವೇ. ಆದರೆ ಮನೆ ಉಳಿಯುವುದು ಕೆಟ್ಟ ದಿನದ ಲೆಕ್ಕದ ಮೇಲೆ. ಪ್ರಶ್ನೆ ಇಷ್ಟೇ: ಓದು ಮುಗಿದು ಒಂದು ವರ್ಷ ಕೆಲಸ ಸಿಗದೆ ವಾಪಸ್ ಬಂದರೆ, ಕಂತು ಯಾರು ಕಟ್ಟುತ್ತಾರೆ?

ಒಂದು ಉದಾಹರಣೆ ನೋಡೋಣ. ಅಮೆರಿಕದ ಎಂ.ಎಸ್.ಗೆ 40 ಲಕ್ಷ ಸಾಲ, ಶೇ. 11 ಬಡ್ಡಿ ಎಂದಿಟ್ಟುಕೊಳ್ಳಿ. ಪೂರ್ತಿ ಹಣ ಬಿಡುಗಡೆಯಾದ ಮೇಲೆ ವರ್ಷಕ್ಕೆ 4.4 ಲಕ್ಷ ಬಡ್ಡಿಯೇ ಆಯಿತು. ಓದುವಾಗ ಬಡ್ಡಿ ಕಟ್ಟುತ್ತಾ ಹೋದರೆ, 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 55,000 ರೂ. ಬಡ್ಡಿ ಕಟ್ಟದೆ ಬಿಟ್ಟು ಅಸಲು 48 ಲಕ್ಷಕ್ಕೆ ಏರಿದರೆ ಕಂತು 66,000 ದಾಟುತ್ತದೆ. ಇಲ್ಲಿ ಮರಳಿ ಬಂದು ತಿಂಗಳಿಗೆ 70,000 ರೂ. ಕೈಗೆ ಸಿಗುವ ಕೆಲಸ ಹಿಡಿದರೂ, ಬೆಂಗಳೂರಿನ ಬಾಡಿಗೆಗೆ ಏನು ಉಳಿಯಿತು?

ನನ್ನ ಅಳತೆ ಹೀಗಿದೆ. ಮರಳಿ ಬಂದರೆ ಇಲ್ಲಿ ನಿಮಗೆ ಖಂಡಿತ ಸಿಗಬಹುದಾದ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಂತು ಜಾಸ್ತಿ ಇರಬಾರದು. ಇದ್ದರೆ ಆ ಸೀಟು ಎಷ್ಟೇ ದೊಡ್ಡ ಹೆಸರಿನದಾದರೂ ನಿಮ್ಮ ಮನೆಗೆ ದುಬಾರಿ. ಇದನ್ನು ಹೇಳಿದಾಗ ಹುಡುಗರ ಮುಖ ಸಣ್ಣದಾಗುತ್ತದೆ, ನನಗೂ ನೋವಾಗುತ್ತದೆ. ಆದರೂ ಹೇಳುತ್ತೇನೆ.

ಈಗ ಇಲ್ಲಿನ ಲೆಕ್ಕ. ಗೇಟ್ ಮೂಲಕ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂ. ಸ್ಟೈಪೆಂಡ್. 24 ತಿಂಗಳಿಗೆ 2,97,600 ರೂ. ತಮ್ಮನಿಗೆ ಎರಡು ವರ್ಷದ ಫೀಸು, ಹಾಸ್ಟೆಲ್, ಮೆಸ್ ಎಲ್ಲ ಸೇರಿ ಆದದ್ದು ಹತ್ತಿರ ಹತ್ತಿರ ಅಷ್ಟೇ. ಅಂದರೆ ಮನೆಯಿಂದ ಹಣವೇ ಹೋಗಲಿಲ್ಲ. ಆದರೆ ಹುಷಾರು, ಈ ಮಾತು ಐಐಎಸ್‌ಸಿ, ಐಐಟಿ, ಎನ್‌ಐಟಿಯಂಥ ಕಡೆಗೆ ಮಾತ್ರ. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು ಸರಿಯಾದ ಲ್ಯಾಬ್ ಇಲ್ಲದ ಎಂ.ಟೆಕ್.ಗಳೂ ನಮ್ಮಲ್ಲಿವೆ. ಮನೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಅಂಥ ಸೀಟು ಹಿಡಿಯಬೇಡಿ.

ಜರ್ಮನಿ ನಡುವಿನ ದಾರಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ವಂತಿಗೆ ಮಾತ್ರ. ಆದರೆ "ಜರ್ಮನಿ ಫ್ರೀ" ಎಂಬ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ (ಟಿಯು ಮ್ಯೂನಿಕ್) 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಅವರ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ರಿಂದ 6,000 ಯೂರೋ ತೆಗೆದುಕೊಳ್ಳುತ್ತಿದೆ. ಇದರ ಜೊತೆಗೆ ವೀಸಾಗೆ ಬ್ಲಾಕ್ಡ್ ಅಕೌಂಟ್ ಬೇಕು. ಒಂದು ವರ್ಷದ ಜೀವನದ ಖರ್ಚನ್ನು ಮೊದಲೇ ಹಾಕಿಡುವ ಖಾತೆ ಇದು, ತಿಂಗಳಿಗೆ ಇಷ್ಟೇ ತೆಗೆಯಬಹುದು ಎಂಬ ಮಿತಿ ಇರುತ್ತದೆ. ನಾನು ಹೋದಾಗ 8,640 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ 11,904 ಯೂರೋ. ಯೂರೋಗೆ 100 ರೂ. ಎಂದು ಹಿಡಿದರೂ ಸುಮಾರು 12 ಲಕ್ಷ ಆಯಿತು.

ರೂಪಾಯಿ ಇಳಿಯುವುದನ್ನೂ ಲೆಕ್ಕಕ್ಕೆ ಸೇರಿಸಿ. 2014ರಲ್ಲಿ ಡಾಲರ್ 60 ರೂ. ಆಸುಪಾಸಿನಲ್ಲಿತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಎರಡನೇ ವರ್ಷದ ಫೀಸಿಗೆ ಇಂದಿನ ದರದ ಮೇಲೆ ಶೇ. 5ರಿಂದ 8 ಸೇರಿಸಿ ಬರೆದುಕೊಳ್ಳುವುದು ಒಳ್ಳೆಯದು.

"ಪಾರ್ಟ್‌ಟೈಂ ಮಾಡಿ ಫೀಸು ಕಟ್ಟುತ್ತೇನೆ" ಎಂಬ ಸಾಲನ್ನು ಲೆಕ್ಕದಿಂದ ತೆಗೆದುಹಾಕಿ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಇದರಿಂದ ದಿನಸಿ, ಬಾಡಿಗೆಯ ಒಂದು ಪಾಲು ಹೊರಡಬಹುದು. ಫೀಸು ಹೊರಡುವುದಿಲ್ಲ.

ಸಾಲದ ಕಾಗದಗಳು: ಇದನ್ನು ಎಲ್ಲರಿಗಿಂತ ಮೊದಲು ಶುರುಮಾಡಿ

ಇದಕ್ಕೆ ಬೇರೆ ಹಂತದ ಸಂಖ್ಯೆ ಕೊಟ್ಟಿಲ್ಲ, ಎರಡನೇ ಹಂತದ ಜೊತೆಗೇ ಮಾಡಬೇಕಾದ ಕೆಲಸ. ಅಪ್ಪ ಬ್ಯಾಂಕಿಗೆ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು, ರಸಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಪತ್ರಗಳನ್ನು ಮಡಚಿ ಹಿಡಿದುಕೊಂಡು ಬಂದಿದ್ದರು. ಮ್ಯಾನೇಜರ್ ಎರಡು ಹಾಳೆ ತಿರುವಿ ನೋಡಿ ಮೆತ್ತಗೆ ಹೇಳಿದರು: "ತೋಟ ಆಗಲ್ಲ ಯಜಮಾನ್ರೇ. ಮನೆದು, ಸೈಟಿಂದು ಏನಾದ್ರೂ ಇದ್ಯಾ?" ಅಪ್ಪ ಕವರನ್ನು ಮತ್ತೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ನಾಲ್ಕು ಎಕರೆ ತೋಟ ಇರುವ ಮನುಷ್ಯನಿಗೆ ಅದು ಬೆಲೆಗೆ ಬಾರದು ಎಂದು ಕೇಳುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು.

ಹೆಚ್ಚಿನ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಅಡಮಾನವಾಗಿ ಒಪ್ಪುವುದಿಲ್ಲ. ಸಾಮಾನ್ಯವಾಗಿ 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ಅದರ ಮೇಲೆ ಕೇಳುತ್ತಾರೆ. ಹಳ್ಳಿಯ ಮನೆಯಾದರೆ ಪಂಚಾಯಿತಿಯಿಂದ ಇ-ಸ್ವತ್ತು ಫಾರಂ 9 ಮತ್ತು 11 ಬೇಕು. ಬೆಂಗಳೂರಿನ ಸೈಟಾದರೆ ಎ ಖಾತಾ ಇರಬೇಕು, ಬಿ ಖಾತಾ ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ, ಮೂಲ ಪತ್ರ, ಕಂದಾಯ ರಸೀದಿ, ಬ್ಯಾಂಕಿನ ವಕೀಲರ ಲೀಗಲ್ ಒಪೀನಿಯನ್, ಎಂಜಿನಿಯರ್ ಹಾಕಿಕೊಡುವ ಬೆಲೆ. ನಮ್ಮ ಮನೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ಅಪ್ಪನ ಹೆಸರಿಗೆ ಮಾಡಿಸಿ ಎಲ್ಲ ಮುಗಿಯುವಾಗ ಎರಡೂವರೆ ತಿಂಗಳು ಹಿಡಿಯಿತು. ಅಡ್ಮಿಷನ್ ಬಂದ ಮೇಲೆ ಶುರುಮಾಡಿದ್ದರೆ ನಾನು ಆ ವರ್ಷ ಹೋಗುತ್ತಲೇ ಇರಲಿಲ್ಲ.

ಅಡಮಾನ ಇಲ್ಲದೆ ದೊಡ್ಡ ಸಾಲ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳೂ ಇವೆ. ಬಡ್ಡಿ ಜಾಸ್ತಿ, ಓದುವಾಗಲೇ ಬಡ್ಡಿ ಕಟ್ಟಿ ಎನ್ನುತ್ತವೆ. ಸಹಿ ಹಾಕುವ ಮೊದಲು ಅಪ್ಪ ಅಮ್ಮನಿಗೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ.

ಇಲ್ಲೇ ಓದುವವರಿಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಇದೆ. ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಿಗೆ ಅಡಮಾನ ಇಲ್ಲದ ಸಾಲ ಸಿಗುತ್ತದೆ. ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ. ಹೊರದೇಶಕ್ಕೆ ಇದು ಇಲ್ಲ. ಹೊರಗೆ ಹೋಗುವ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ "ಪ್ರಬುದ್ಧ" ಯೋಜನೆಯನ್ನೂ, ಪರಿಶಿಷ್ಟ ಜಾತಿಯವರು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅನ್ನೂ ತಪ್ಪದೆ ನೋಡಿ. ಎಲ್ಲ ವರ್ಗದವರಿಗೂ ಇರುವಂಥದ್ದು ಯುರೋಪಿಗೆ ಎರಾಸ್ಮಸ್ ಮುಂಡಸ್, ಜರ್ಮನಿಗೆ ಡಾಡ್ (DAAD), ಬ್ರಿಟನ್‌ಗೆ ಚಿವನಿಂಗ್ (ಇದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು). 1892ರಿಂದ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲದ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ.

ಹಂತ 3: ಎರಡೂ ಕಡೆ ಅರ್ಜಿ ಹಾಕಿ

ಇಲ್ಲೇ ಜಾಸ್ತಿ ಜನ ತಪ್ಪುವುದು. ಹೊರಗೆ ಎಂದು ಮನಸ್ಸು ಮಾಡಿದವರು ಗೇಟ್ ಬಿಡುತ್ತಾರೆ, ಗೇಟ್‌ಗೆ ಕೂತವರು ಹೊರಗಿನ ಅರ್ಜಿ ಮುಟ್ಟುವುದಿಲ್ಲ. ಕೊನೆಗೆ ಕೈಯಲ್ಲಿ ಒಂದೇ ಸೀಟು ಉಳಿಯುತ್ತದೆ, ಆಗ ಆಯ್ಕೆ ಎಂಬುದೇ ಇರುವುದಿಲ್ಲ. ಎರಡರ ಕ್ಯಾಲೆಂಡರ್ ಒಂದಕ್ಕೊಂದು ಅಡ್ಡ ಬರುವುದಿಲ್ಲ, ಸ್ವಲ್ಪ ಮೊದಲೇ ಶುರುಮಾಡಬೇಕು ಅಷ್ಟೇ.

ಬೇಸಿಗೆಯಲ್ಲಿ ಇಂಗ್ಲಿಷ್ ಪರೀಕ್ಷೆ ಬರೆಯಿರಿ, ಐಇಎಲ್‌ಟಿಎಸ್ ಅಥವಾ ಟೋಫೆಲ್. ಅಂಕ ಎರಡು ವರ್ಷ ನಡೆಯುತ್ತದೆ. ಕೆಲವು ಕೋರ್ಸುಗಳು ಕೇಳುವ ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಾದರೆ ಅದರ ಅಂಕ ಐದು ವರ್ಷ ನಡೆಯುತ್ತದೆ. ಆಗಸ್ಟ್ ಕೊನೆಯ ಹೊತ್ತಿಗೆ ಗೇಟ್ ನೋಂದಣಿ ತೆರೆಯುತ್ತದೆ, ಹಾಕಿಬಿಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ, ಎಸ್‌ಒಪಿ (ಈ ಕೋರ್ಸು ಯಾಕೆ ಬೇಕು ಎಂದು ಹೇಳುವ ಪತ್ರ) ಬರೆಯುವುದು, ಶಿಫಾರಸು ಪತ್ರಕ್ಕೆ ಮೇಷ್ಟ್ರುಗಳನ್ನು ಕೇಳುವುದು. ಜರ್ಮನಿಗಾದರೆ ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಹೇಳುವ ಎಪಿಎಸ್ ಪ್ರಮಾಣಪತ್ರಕ್ಕೆ ಇದೇ ಸಮಯ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ, ಬರಲು ವಾರಗಟ್ಟಲೆ ಹಿಡಿಯುತ್ತದೆ.

ಅಮೆರಿಕದ ಅನೇಕ ಒಳ್ಳೆಯ ಕೋರ್ಸುಗಳ ಗಡುವು ಡಿಸೆಂಬರ್, ಜನವರಿ. ಆ ಅರ್ಜಿಗಳು ಮುಗಿದ ಮೇಲೆ ಫೆಬ್ರುವರಿಯಲ್ಲಿ ಗೇಟ್ ಪರೀಕ್ಷೆ, ಮಾರ್ಚ್‌ನಲ್ಲಿ ಫಲಿತಾಂಶ. ಐಐಎಸ್‌ಸಿಗೆ ಬೇರೆ ಅರ್ಜಿ. ಐಐಟಿಗಳ ಆಫರ್ ಕೋಪ್ ಎಂಬ ಪೋರ್ಟಲ್‌ನಲ್ಲಿ, ಎನ್‌ಐಟಿಗಳದ್ದು ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ಗೆ ಅನೇಕ ಕಡೆ ಜುಲೈ 15 ಕೊನೆಯ ದಿನ, ಆದರೆ ಹೊರಗಿನವರಿಗೆ ಮಾರ್ಚ್, ಏಪ್ರಿಲ್, ಮೇಗೇ ಮುಗಿಸುವ ಕೋರ್ಸುಗಳೂ ಬೇಕಾದಷ್ಟಿವೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ ಎಂಬುದು ದೊಡ್ಡ ಅನುಕೂಲ. ಈ ವರ್ಷ ವೀಸಾ ಕೈಕೊಟ್ಟರೂ ಮುಂದಿನ ವರ್ಷಕ್ಕೆ ಅದು ಜೀವಂತ.

ಜರ್ಮನಿಗೆ ಅರ್ಜಿ ಹಾಕುವ ಮೊದಲು ನಿಮ್ಮ ಅಂಕವನ್ನು ಅವರ ಅಳತೆಗೆ ತಂದು ನೋಡಿ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. ನಿಮ್ಮ ಸಿಜಿಪಿಎ 10ಕ್ಕೆ 7.6, ಪಾಸ್ ಅಂಕ 4 ಎಂದರೆ 2.4 ಭಾಗಿಸು 6, ಗುಣಿಸು 3, ಸೇರಿಸು 1. ಬಂದದ್ದು 2.2. ಅಲ್ಲಿ ಸಂಖ್ಯೆ ಸಣ್ಣದಾದಷ್ಟೂ ಒಳ್ಳೆಯದು. ಅನೇಕ ಕೋರ್ಸುಗಳು 2.5ರ ಒಳಗೆ ಇರಲಿ ಎನ್ನುತ್ತವೆ.

ಹಂತ 4: ಬಂದ ಸೀಟನ್ನು ತಿರುಗಿಸಿ ನೋಡಿ

ಮಾವಿನಹಣ್ಣು ಕೊಳ್ಳುವಾಗ ತೊಟ್ಟಿನ ಹತ್ತಿರ ಮೂಸಿ ನೋಡುತ್ತೇವೆ ಅಲ್ವಾ? ಸೀಟಿಗೆ ಅಷ್ಟಾದರೂ ಮಾಡಬೇಕು.

ಮೊದಲು ಕೋರ್ಸಿನ ವಿಷಯಗಳ ಪಟ್ಟಿ ತೆಗೆಯಿರಿ. ಹಂತ 1ರಲ್ಲಿ ಬರೆದ ಸಾಲಿಗೆ ಎಷ್ಟು ವಿಷಯ ಹೊಂದುತ್ತವೆ ಎಂದು ಗುರುತು ಹಾಕಿ. ನಾಲ್ಕು ಸೆಮಿಸ್ಟರ್‌ನಲ್ಲಿ ಎರಡೇ ವಿಷಯ ಸಿಕ್ಕರೆ ಆ ಸೀಟು ನಿಮ್ಮದಲ್ಲ. ಆಮೇಲೆ ಈಗ ಅಲ್ಲಿ ಓದುತ್ತಿರುವ ಇಬ್ಬರ ಹತ್ತಿರ ಮಾತಾಡಿ, ಮುಗಿಸಿ ಒಂದು ವರ್ಷವಾದ ಇಬ್ಬರ ಹತ್ತಿರ ಮಾತಾಡಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಒಬ್ಬರಾದರೂ ಸಿಗುತ್ತಾರೆ. "ಹೇಗಿದೆ?" ಎಂದು ಕೇಳಬೇಡಿ. "ನಿಮ್ಮ ಬ್ಯಾಚ್‌ನಲ್ಲಿ ಎಷ್ಟು ಜನ, ಅದರಲ್ಲಿ ಓದಿದ ವಿಷಯದಲ್ಲೇ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಎಷ್ಟು ತಿಂಗಳು ಹಿಡಿಯಿತು?" ಎಂದು ಕೇಳಿ. ಅತಿ ಹೆಚ್ಚು ಸಂಬಳ ಎಷ್ಟು ಎಂಬುದು ಬೇಡ. ಬ್ಯಾಚ್‌ನ ನಡುವಿನವರಿಗೆ ಎಷ್ಟು ಎಂಬುದು ಬೇಕು.

ಕನ್ಸಲ್ಟೆನ್ಸಿಗಳ ವಿಷಯ ನೇರವಾಗಿ ಹೇಳುತ್ತೇನೆ. "ನಮ್ಮದು ಫ್ರೀ ಸರ್ವಿಸ್" ಎನ್ನುವವರಿಗೆ ಸಾಮಾನ್ಯವಾಗಿ ಕಮಿಷನ್ ಬರುವುದು ವಿಶ್ವವಿದ್ಯಾಲಯದಿಂದ. ಹಾಗಾಗಿ ಕಮಿಷನ್ ಕೊಡುವ ಕಾಲೇಜುಗಳೇ ಅವರ ಪಟ್ಟಿಯಲ್ಲಿ ಮೇಲೆ ಬರುತ್ತವೆ. ಜರ್ಮನಿ ಎಂದು ಹೇಳಿ ಫೀಸು ಇರುವ ಖಾಸಗಿ ಕಾಲೇಜಿಗೆ ಸೇರಿಸಿದ್ದನ್ನು ನಾನೇ ನೋಡಿದ್ದೇನೆ. ನನ್ನ ಪರಿಚಯದ ಹುಡುಗ ಅಲ್ಲಿಗೆ ಬಂದು ಇಳಿದ ಮೇಲೆಯೇ ಗೊತ್ತಾಗಿದ್ದು, ಅದು ಸರ್ಕಾರಿ ವಿಶ್ವವಿದ್ಯಾಲಯ ಅಲ್ಲ ಎಂದು. ಅವನ ಅಪ್ಪ ಆ ಹೊತ್ತಿಗೆ ಫೀಸಿನ ಮೊದಲ ಕಂತು ಕಟ್ಟಿಯಾಗಿತ್ತು. ಜರ್ಮನಿಯ ಕೋರ್ಸುಗಳನ್ನು ಡಾಡ್‌ನ ಜಾಲತಾಣದಲ್ಲಿ ನೀವೇ ಹುಡುಕಬಹುದು, ಫೀಸು ಎಷ್ಟು ಎಂದು ಅಲ್ಲೇ ಬರೆದಿರುತ್ತದೆ. ಅರ್ಜಿ ಹಾಕಲು ಯಾರ ಸಹಾಯವೂ ಬೇಕಿಲ್ಲ. ವಿಟಿಯು ಪರೀಕ್ಷೆಯ ಅರ್ಜಿ ತುಂಬಿದವರು ಇದನ್ನೂ ತುಂಬಬಲ್ಲಿರಿ.

ಹಂತ 5: ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು?

ಸಾಲ ತೀರುವುದು ಈ ದಿನಗಳಲ್ಲಿ. ಆದ್ದರಿಂದ ಫೀಸಿನಷ್ಟೇ ಗಮನ ಇದಕ್ಕೂ ಬೇಕು.

ಅಮೆರಿಕದಲ್ಲಿ ಓದಿದ ಮೇಲೆ ಒಪಿಟಿ ಎಂದು 12 ತಿಂಗಳು ಕೆಲಸ ಮಾಡಲು ಅವಕಾಶ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸಾದರೆ ಇನ್ನೂ 24 ತಿಂಗಳು. ನಿಮ್ಮ ಕೋರ್ಸು ಆ ಪಟ್ಟಿಯಲ್ಲಿದೆಯೇ ಎಂದು ವಿಶ್ವವಿದ್ಯಾಲಯವನ್ನೇ ಇಮೇಲ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ. ವರ್ಷಕ್ಕೆ 65,000 ವೀಸಾ, ಅಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಅರ್ಜಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಹೋಯಿತು. ಅಲ್ಲೇ ಓದಿ, ಅಲ್ಲಿದ್ದುಕೊಂಡೇ ಎಫ್-1ನಿಂದ ಬದಲಾಯಿಸಿಕೊಳ್ಳುವವರಿಗೆ ಅದು ಇಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಹೀಗೆ ನಡುವೆ ನಿಯಮ ಬದಲಾಗುತ್ತದೆ, ಅದಕ್ಕೇ ಕೆಟ್ಟ ದಿನದ ಲೆಕ್ಕ. ಗ್ರೀನ್ ಕಾರ್ಡ್‌ಗೆ ದೇಶವಾರು ಮಿತಿ ಇರುವುದರಿಂದ ಭಾರತದವರ ಸರದಿ ಹತ್ತು ವರ್ಷಕ್ಕೂ ಜಾಸ್ತಿ ಎಳೆಯುತ್ತಿದೆ.

ಜರ್ಮನಿಯಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು. ಆದರೆ ಭಾಷೆ ಬೇಕು. ನನ್ನ ಕೋರ್ಸು ಇಂಗ್ಲಿಷ್‌ನಲ್ಲೇ ಇತ್ತು, ಹಾಗಾಗಿ ಜರ್ಮನ್ ಕಲಿಯುವುದನ್ನು ಮುಂದೂಡುತ್ತಾ ಹೋದೆ. ಕೆಲಸ ಹುಡುಕಲು ಏಳು ತಿಂಗಳು ಹಿಡಿದದ್ದು ಅದರಿಂದಲೇ. ಜರ್ಮನ್ ಭಾಷೆಯ ಬಿ1 ಹಂತ ಪಾಸಾದ ಮೇಲೆ ಕರೆಗಳು ಬರತೊಡಗಿದವು. ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಹೋಗುವ ಒಂದು ವರ್ಷ ಮೊದಲೇ ಸೇರಿಕೊಳ್ಳಿ.

ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಓದಿದ ಮೇಲೆ ಇರಲು ಕೊಡುತ್ತಿದ್ದ ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಾಗುತ್ತದೆ. ಕೆನಡಾ 2024ರಿಂದ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದೆ. ಅಲ್ಲಿನ ಸಣ್ಣ ಕಾಲೇಜುಗಳ ಡಿಪ್ಲೊಮಾಗೆ ಬಿ.ಇ. ಆದವರು ಸಾಲ ಮಾಡಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹಂತ 6: ಮನೆ ಮತ್ತು ನೀವು

ಇದಕ್ಕೆ ಅಂಕಿಸಂಖ್ಯೆ ಇಲ್ಲ. ನಡೆದದ್ದನ್ನೇ ಹೇಳುತ್ತೇನೆ.

2020ರ ಜನವರಿಯಲ್ಲಿ ಅಪ್ಪನಿಗೆ ಎದೆನೋವು ಬಂತು, ಸ್ಟೆಂಟ್ ಹಾಕಬೇಕಾಯಿತು. ತಮ್ಮ ಸುರತ್ಕಲ್‌ನಿಂದ ರಾತ್ರಿ ಬಸ್ ಹಿಡಿದು ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದ. ನಾನು ಹೊಸ ಕೆಲಸದ ಪ್ರೊಬೇಷನ್‌ನಲ್ಲಿದ್ದೆ. ಆಪರೇಷನ್ ಥಿಯೇಟರ್ ಹೊರಗಿನ ಬೆಂಚಿನ ಮೇಲೆ ಅವನು ಫೋನನ್ನು ಅಮ್ಮನ ಕಡೆ ಹಿಡಿದು ಕೂತಿದ್ದ. ಅಮ್ಮ ಏನೂ ಮಾತಾಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದರು. ನಾನು ಏಪ್ರಿಲ್‌ಗೆ ಟಿಕೆಟ್ ಮಾಡಿಸಿದೆ. ಮಾರ್ಚ್‌ನಲ್ಲಿ ವಿಮಾನಗಳೇ ನಿಂತವು. ಅಪ್ಪನನ್ನು ಮುಟ್ಟಿ ನೋಡಿದ್ದು 2021ರಲ್ಲಿ.

ಹೀಗಾಯಿತೆಂದು ಹೋಗಬೇಡಿ ಎನ್ನುವುದಿಲ್ಲ. ಹೋಗುವ ಮೊದಲು ಮನೆಯಲ್ಲಿ ಇದನ್ನು ಬಾಯಿಬಿಟ್ಟು ಮಾತಾಡಿ. ಆಸ್ಪತ್ರೆಗೆ ಹೋಗಬೇಕಾದರೆ ಯಾರು ಹೋಗುತ್ತಾರೆ? ಹೆಲ್ತ್ ಇನ್ಶೂರೆನ್ಸ್ ಯಾರ ಹೆಸರಿನಲ್ಲಿದೆ, ಕಾಗದ ಎಲ್ಲಿದೆ? ಒಂದು ವಿಮಾನ ಟಿಕೆಟ್‌ನ ಹಣ ಯಾವಾಗಲೂ ಮುಟ್ಟದೆ ಇಡಲು ಆಗುತ್ತದೆಯೇ? ಒಬ್ಬರೇ ಮಗ, ಒಬ್ಬರೇ ಮಗಳಾದರೆ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಯಾರಾದರೊಬ್ಬರ ಹತ್ತಿರ ಮೊದಲೇ ಹೇಳಿಡಿ.

ನಿಮ್ಮನ್ನೂ ಪರೀಕ್ಷಿಸಿಕೊಳ್ಳಿ. ಎರಡು ತಿಂಗಳು ಮನೆಯಿಂದ ದೂರ, ಸ್ನೇಹಿತರಿಲ್ಲದ ಊರಿನಲ್ಲಿ ಇಂಟರ್ನ್‌ಶಿಪ್ ಮಾಡಿ. ಅನ್ನ, ಸಾರು, ಪಲ್ಯ ನೀವೇ ಮಾಡಿಕೊಳ್ಳಿ. ಜರ್ಮನಿಯ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಮೊದಲ ಚಳಿಗಾಲದಲ್ಲಿ ನನಗೆ ಹಾಸಿಗೆ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ. ಊರಿನ ಕನ್ನಡ ಕೂಟದವರು ಸಂಕ್ರಾಂತಿಗೆ ಕರೆದು ಎಳ್ಳು ಬೆಲ್ಲ ಕೈಗಿಟ್ಟಾಗ ಅಳು ಬಂತು. ಹೋದ ಮೊದಲ ವಾರವೇ ಕೂಟ ಎಲ್ಲಿದೆ ಎಂದು ಹುಡುಕಿಕೊಳ್ಳಿ.

ಎಂ.ಬಿ.ಬಿ.ಎಸ್. ಬಗ್ಗೆ ನಾಲ್ಕು ಮಾತು

ಹೊರದೇಶದಲ್ಲಿ ಎಂ.ಬಿ.ಬಿ.ಎಸ್. ಮಾಡಿ ಇಲ್ಲಿ ವೈದ್ಯರಾಗಬೇಕಾದರೆ ನೀಟ್ ಪಾಸಾಗಿರಲೇಬೇಕು. 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್‌ನಲ್ಲಿ ಇರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಇಲ್ಲಿ ಮತ್ತೆ ಅರ್ಹತಾ ಪರೀಕ್ಷೆ ಬರೆಯಬೇಕು. ಕಾಲೇಜು ಈ ಎಲ್ಲ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ದೇಶ ಎಷ್ಟು ನೆಮ್ಮದಿಯಾಗಿದೆ ಎಂಬುದೂ ಸೀಟಿನ ಒಂದು ಭಾಗ.

ಹಂತ 7: ತೀರ್ಮಾನದ ದಿನ

ಎರಡೂ ಆಫರ್ ಬಂದ ಮೇಲೆ ಒಂದು ಭಾನುವಾರ ಮನೆಯವರೆಲ್ಲ ಕೂರಿ. ಎರಡು ಹಾಳೆ, ಹಾಳೆಗೊಂದು ಸೀಟು. ಪ್ರತಿಯೊಂದರ ಮೇಲೆ ಆರು ಸಾಲು: ಏನು ಕಲಿಯುತ್ತೇನೆ, ಒಟ್ಟು ಖರ್ಚು, ಸಾಲ, ಕೆಟ್ಟ ದಿನದ ಕಂತು, ಓದಿದ ಮೇಲಿನ ದಾರಿ, ಮನೆಯಲ್ಲಿ ಬದಲಾಗುವುದು. ನಮ್ಮ ಮನೆಯಲ್ಲಿ ಲೆಕ್ಕ ಬರೆದದ್ದು ಅಮ್ಮ. ಕೊಬ್ಬರಿ ಮಾರಿದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಅದು ಇನ್ನೂ ಇದೆ.

ಮೊದಲು ಕಂತಿನ ಸಾಲು ನೋಡಿ. ಮೂರನೇ ಒಂದು ಭಾಗದ ಅಳತೆ ಮೀರಿದರೆ ಆ ಹಾಳೆಯನ್ನು ಪಕ್ಕಕ್ಕಿಡಿ. ಎರಡೂ ಆ ಅಳತೆಯ ಒಳಗಿದ್ದರೆ ಕಲಿಕೆಯ ಸಾಲು ನೋಡಿ. ಹೊರಗಿನ ಸೀಟಿನಲ್ಲಿ ಸಿಗುವುದು ಇಲ್ಲೂ ಸಿಗುತ್ತದೆ ಎಂದಾದರೆ ಇಲ್ಲೇ ಓದಿ. ಇಲ್ಲಿ ಸಿಗದ್ದು ಅಲ್ಲಿದ್ದರೆ, ಸಾಲವನ್ನು ಮನೆ ತಡೆದುಕೊಳ್ಳುವುದಾದರೆ ಧೈರ್ಯವಾಗಿ ಹೋಗಿ. ಎರಡೂ ಹಾಳೆ ಪಕ್ಕಕ್ಕೆ ಹೋದರೆ ಎರಡು ವರ್ಷ ಕೆಲಸ ಮಾಡಿ, ಒಂದಿಷ್ಟು ಉಳಿಸಿ, ಮತ್ತೆ ಅರ್ಜಿ ಹಾಕಿ. ಅನುಭವ ಇರುವವರಿಗೆ ವಿದ್ಯಾರ್ಥಿವೇತನದ ಬಾಗಿಲುಗಳೂ ಜಾಸ್ತಿ ತೆರೆಯುತ್ತವೆ.

ಹೊರಗೆ ಎಂದು ನಿಶ್ಚಯವಾದರೂ ವೀಸಾ ಪಾಸ್‌ಪೋರ್ಟ್‌ನಲ್ಲಿ ಬೀಳುವವರೆಗೆ ಇಲ್ಲಿನ ಸೀಟು ಬಿಡಬೇಡಿ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಸಂದರ್ಶನದ ಹೊಸ ಸ್ಲಾಟ್‌ಗಳನ್ನೇ ಕೆಲವು ವಾರ ನಿಲ್ಲಿಸಿತ್ತು. ಆಗ ಇಲ್ಲಿನ ಸೀಟು ಬಿಟ್ಟು ಕೂತವರ ಪಾಡು ಏನಾಗಿರಬೇಕು ಯೋಚಿಸಿ. ಸೀಟು ಹಿಡಿದಿಡಲು ಕಟ್ಟಿದ ಹಣದಲ್ಲಿ ಎಷ್ಟು ವಾಪಸ್ ಬರುತ್ತದೆ, ಯಾವ ದಿನದ ಒಳಗೆ ರದ್ದು ಮಾಡಬೇಕು ಎಂಬುದನ್ನು ಮೊದಲೇ ಓದಿಟ್ಟುಕೊಳ್ಳಿ.

ವೀಸಾ ಬಂದ ದಿನವೇ ಬಿಡುವ ಸೀಟಿನ ಕಚೇರಿಗೆ ಎರಡು ಸಾಲಿನ ಇಮೇಲ್ ಕಳಿಸಿ, ನಾನು ಸೇರುತ್ತಿಲ್ಲ ಎಂದು. ತಮ್ಮನಿಗೆ ಸುರತ್ಕಲ್‌ನ ಸೀಟು ಸಿಕ್ಕಿದ್ದು ಕೊನೆಯ ಸುತ್ತಿನಲ್ಲಿ, ಯಾರೋ ಹಾಗೆ ಬಿಟ್ಟುಕೊಟ್ಟಿದ್ದರಿಂದ.